ಮುಂದಿನ ಡಿಸ್ಕ್ ಬ್ರೇಕ್ ಮನೇಲೇ ಬಿಚ್ಚಿ ಕಟ್ಟಿದ ಮೇಲೆ: ತಣ್ಣಗಿದ್ದಾಗ ಲಿವರ್ ಮೆತ್ತಗೆ, ಬಿಸಿಯಾದ್ರೆ ಚಕ್ರ ಜಾಮ್

ಕೆರೆಏರಿ150 (ಮಂಡ್ಯ)

150 ಸಿಸಿ ಗಾಡಿ, ಮುಂದೆ ಒಂದೇ ಡಿಸ್ಕ್, ಪಿನ್ ಮೇಲೆ ಜಾರೋ ಎರಡು ಪಿಸ್ಟನ್ ಕ್ಯಾಲಿಪರ್ (ಪ್ಯಾಡುಗಳನ್ನ ಡಿಸ್ಕಿಗೆ ಒತ್ತೋ ಭಾಗ). ಎಬಿಎಸ್ ಇಲ್ಲ. ಕ್ಯಾಲಿಪರ್ ಹತ್ರ ಆಯಿಲ್ ಜಿನುಗ್ತಿತ್ತು ಅಂತ ಪೂರ್ತಿ ಬಿಚ್ಚಿ ಕಟ್ಟಿದೆ. ಕ್ಯಾಲಿಪರ್ ಸೀಲ್ ಸೆಟ್, ಮಾಸ್ಟರ್ ಸಿಲಿಂಡರ್ (ಹ್ಯಾಂಡಲ್ ಹತ್ರ ಲಿವರ್ ಒತ್ತೋ ಪಂಪ್) ಕಿಟ್, ಪ್ಯಾಡ್ ಮೂರೂ ಹೊಸದು. ಹಳೇ ಲಿವರ್ ಬಗ್ಗಿತ್ತು, ಅದನ್ನ ತೆಗೆದು ಅಂಗಡೀಲಿ ಸಿಕ್ಕ ಮಡಚೋ ಲಿವರ್ ಹಾಕಿದೀನಿ. ಹೋಸ್ ಹಳೇದೇ, ಹೋಸಿನ ತುದಿ ಹಿಡಿಯೋ ಟೊಳ್ಳು ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ಗಳೂ ಹಳೇವೇ. ಬ್ರೇಕ್ ಆಯಿಲ್ ಡಾಟ್ 4 ದರ್ಜೆದು. ಕ್ಯಾಲಿಪರ್ ಪಿನ್ನುಗಳಿಗೆ ಬೇರಿಂಗ್ ಗ್ರೀಸ್ ಸವರಿದೀನಿ.

ಬೆಳಿಗ್ಗೆ ಮೊದಲ ಸಲ ಹಿಡಿದ್ರೆ ಲಿವರ್ ಹೆಚ್ಚುಕಮ್ಮಿ ಗ್ರಿಪ್ಪಿಗೇ ತಾಗ್ತದೆ. ಮೂರ್ನಾಲ್ಕು ಸಲ ಪಂಪ್ ಮಾಡಿದ್ರೆ ಗಟ್ಟಿಯಾಗ್ತದೆ. ಹಂಗೇ ಸರ್ವಿಸ್ ರೋಡಲ್ಲಿ ಶ್ರೀರಂಗಪಟ್ಟಣದ ಕಡೆ ನಾಲ್ಕು ಕಿಲೋಮೀಟರ್ ಹೋಗೋದ್ರೊಳಗೆ ಬ್ರೇಕ್ ತಾನೇ ಹಿಡ್ಕೊಂಡು ಗಾಡಿ ಎಳೆಯೋಕೆ ಶುರು. ಡಿಸ್ಕಿಗೆ ನೀರು ಚಿಮುಕಿಸಿದ್ರೆ ಚುರ್ ಅಂತದೆ. ಅರ್ಧ ಗಂಟೆ ನಿಲ್ಲಿಸಿದ್ರೆ ಬಿಟ್ಕೊಳ್ತದೆ. 250 ಎಂಎಲ್‌ನ ಎರಡು ಬಾಟಲಿ ಆಯಿಲ್ ಸುರಿದು ಏರ್ ತೆಗೆದಾಯ್ತು, ಏನೂ ವ್ಯತ್ಯಾಸ ಇಲ್ಲ. ಈಗ ಹೋಸ್ ಬದಲಾಯಿಸ್ಬೇಕಾ, ಮತ್ತೊಂದು ಕಿಟ್ ತರಬೇಕಾ?

ಸ್ಪ್ಯಾನರ್ಎಂಟು (ಮೈಸೂರು)

ಸದ್ಯಕ್ಕೆ ಏನೂ ತರಬೇಡಿ ಸರ್, ಗಾಡೀನೂ ರೋಡಿಗೆ ಇಳಿಸ್ಬೇಡಿ. ಕಾದ ಡಿಸ್ಕಿಗೆ ನೀರು ಹಾಕೋದು ನಿಲ್ಲಿಸಿ, ಡಿಸ್ಕ್ ಸೊಟ್ಟಗಾದ್ರೆ ಇನ್ನೊಂದು ಖರ್ಚು. ಒತ್ತಡ ಎಲ್ಲಿ ಸಿಕ್ಕಿಹಾಕ್ಕೊಂಡಿದೆ ಅನ್ನೋದನ್ನ ಮೊದಲು ಪತ್ತೆ ಮಾಡಬೇಕು.

ಮುಂದಿನ ಚಕ್ರ ನೆಲದಿಂದ ಎತ್ತಿ ನಿಲ್ಲಿಸಿ. ಲಿವರ್ ಬೇಗಬೇಗ ಪಂಪ್ ಮಾಡಿ, ಕೈ ಬಿಟ್ಟರೂ ಚಕ್ರ ಬಿಗಿಯಾಗಿ ಉಳಿಯೋ ತನಕ. ಮಾಸ್ಟರ್ ಸಿಲಿಂಡರ್ ಕಡೆ ಬ್ಯಾಂಜೋ ಬೋಲ್ಟಿಗೆ ಬಟ್ಟೆ ಸುತ್ತಿ ಕಾಲು ಸುತ್ತು ಸಡಿಲಿಸಿ. ಚಕ್ರ ಬಿಟ್ಕೊಂಡ್ರೆ ದೋಷ ಮಾಸ್ಟರ್ ಸಿಲಿಂಡರಲ್ಲಿ. ಬಿಡಲಿಲ್ಲ ಅಂದ್ರೆ ಅದನ್ನ ಬಿಗಿ ಮಾಡಿ ಕೆಳಗೆ ಕ್ಯಾಲಿಪರಿನ ನಿಪ್ಪಲ್ (ಏರ್ ತೆಗೆಯೋ ಸ್ಕ್ರೂ) ತೆರೀರಿ. ಆಗ ಬಿಟ್ರೆ ಹೋಸ್ ಒಳಗೆ ರಬ್ಬರ್ ಊದಿ ದಾರಿ ಕಟ್ಟಿದೆ ಅಂತ ಅರ್ಥ: ಕೈಯ ಬಲಕ್ಕೆ ಆಯಿಲ್ ಕೆಳಗೆ ಹೋಗುತ್ತೆ, ವಾಪಸ್ ಬರೋಕೆ ಆ ಬಲ ಇರಲ್ಲ. ನಿಪ್ಪಲ್ ತೆರೆದ್ರೂ ಚಕ್ರ ಬಿಗಿಯಾಗೇ ಇದ್ರೆ ಆಯಿಲಿಗೂ ಅದಕ್ಕೂ ಸಂಬಂಧ ಇಲ್ಲ, ಪಿಸ್ಟನ್ ಅಥವಾ ಪಿನ್ ಹಿಡ್ಕೊಂಡಿದೆ.

ಹಾಗೇ ಹ್ಯಾಂಡಲ್ ಮೇಲಿನ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು, ಲಿವರನ್ನ ತುಂಬಾ ನಿಧಾನಕ್ಕೆ ಸ್ವಲ್ಪವೇ ಎಳೆದು ನೋಡಿ. ತಳದಲ್ಲಿ ಎರಡು ತೂತು ಇರುತ್ತೆ, ಒಂದು ದೊಡ್ಡದು, ಇನ್ನೊಂದು ಸೂಜಿಮೊನೆಯಷ್ಟು. ಎಳೆಯೋಕೆ ಶುರು ಮಾಡಿದ ಕೂಡಲೇ ಆ ಸಣ್ಣ ತೂತಿಂದ ಆಯಿಲ್ ಮೇಲಕ್ಕೆ ಉಕ್ಕಬೇಕು, ಸಣ್ಣ ಬುಗ್ಗೆ ಥರ. ಉಕ್ಕುತ್ತಾ ಇಲ್ವಾ ಹೇಳಿ. ಪೇಂಟ್ ಮೇಲೆ ಬಿದ್ರೆ ತಕ್ಷಣ ನೀರು ಸುರಿದು ತೊಳೀರಿ, ಟ್ಯಾಂಕಿಗೆ ಮೊದಲೇ ಒದ್ದೆ ಬಟ್ಟೆ ಹೊದಿಸಿ.

ವಿಸಿನಾಲೆ (ಮಂಡ್ಯ)

ಬೇರಿಂಗ್ ಗ್ರೀಸ್ ಅಂದ್ರಲ್ಲ ಅಣ್ಣ, ಅದನ್ನ ಪೂರ್ತಿ ತೆಗೀರಿ. ಬ್ರೇಕಿನ ರಬ್ಬರ್ ಬೇರೆ ಜಾತಿದು, ಪೆಟ್ರೋಲಿಯಂ ಎಣ್ಣೆ ತಾಗಿದ್ರೆ ಊದ್ಕೊಳ್ತದೆ. ಪಿನ್ನಿನ ಬೂಟ್ (ರಬ್ಬರ್ ಮುಸುಕು) ಊದಿದ್ರೆ ಕ್ಯಾಲಿಪರ್ ಜಾರಲ್ಲ. ಜಾರದೇ ಇದ್ರೆ ಒಂದೇ ಕಡೆ ಪ್ಯಾಡ್ ಸವೀತದೆ, ಡಿಸ್ಕನ್ನೇ ಒಂದು ಕಡೆಗೆ ಬಗ್ಗಿಸಿ ಹಿಡಿಯೋದ್ರಿಂದ ಲಿವರೂ ಸ್ಪಂಜಿನ ಥರ ಆಗ್ತದೆ. ಬೂಟ್ ಹೊಸದು ಹಾಕಿ, ಪಿನ್ನಿಗೆ ಬ್ರೇಕಿಗೆ ಅಂತಲೇ ಸಿಗೋ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ. ಪಿನ್ ಕೂರೋ ತೂತಿನ ತುಂಬ ಗ್ರೀಸ್ ತುಂಬಿದ್ರೆ ಒಳಗೆ ಗಾಳಿ ಸಿಕ್ಕಿಕೊಂಡು ಪಿನ್ ಹಿಂದಕ್ಕೆ ತಳ್ಳಿಸಿಕೊಳ್ತದೆ. ಅದೇ ಗ್ರೀಸ್ ಪಿಸ್ಟನ್ ಸೀಲಿಗೂ ತಾಗಿದ್ರೆ ಸೀಲೂ ಹೋಯ್ತು ಅಂತಲೇ ಲೆಕ್ಕ.

ಇನ್ನೊಂದು, ಪಿಸ್ಟನ್ ಸೀಲ್ ಕೂರೋ ಸಣ್ಣ ಕಾಲುವೆಯನ್ನ ಕೆರೆದು ತೊಳೆದ್ರಾ? ಚೌಕಾಕಾರದ ಆ ಸೀಲು ಬ್ರೇಕ್ ಹಿಡಿದಾಗ ಪಿಸ್ಟನ್ ಜೊತೆ ತಿರುಚಿಕೊಂಡು, ಬಿಟ್ಟಾಗ ಅದನ್ನ ಕೂದಲೆಳೆಯಷ್ಟು ಹಿಂದಕ್ಕೆ ಎಳ್ಕೊಳ್ತದೆ. ಪ್ಯಾಡ್ ಡಿಸ್ಕಿಂದ ಬಿಡೋದು ಅದರಿಂದಲೇ, ಅಲ್ಲಿ ಬೇರೆ ಸ್ಪ್ರಿಂಗ್ ಇಲ್ಲ. ಕಾಲುವೆ ಒಳಗೆ ಬಿಳಿ ಪುಡಿ ಕಟ್ಟಿದ್ರೆ ಸೀಲಿಗೆ ತಿರುಚೋಕೆ ಜಾಗ ಇರಲ್ಲ. ನಮ್ಮ ಕಡೆ ಗದ್ದೆ ದಾರೀಲಿ ಓಡೋ ಗಾಡಿಗಳಲ್ಲಿ ಇದು ಸಾಮಾನ್ಯ. ಸ್ಕ್ರೂಡ್ರೈವರ್ ಹಾಕ್ಬೇಡಿ, ಗೀರು ಬೀಳ್ತದೆ. ಬಿದಿರು ಕಡ್ಡಿ ಚೂಪು ಮಾಡಿ ಕೆರೀರಿ. ಹೊಸ ಸೀಲಿಗೆ ಹೊಸ ಬ್ರೇಕ್ ಆಯಿಲ್ ಸವರಿ ಕೂರಿಸಿ, ಪಿಸ್ಟನ್ ಹೆಬ್ಬೆರಳ ಒತ್ತಡಕ್ಕೇ ನೇರಕ್ಕೆ ಒಳಗೆ ಹೋಗ್ಬೇಕು.

ಕೆರೆಏರಿ150 (ಮಂಡ್ಯ)

ಇಬ್ಬರಿಗೂ ಧನ್ಯವಾದ. ಮೇಲಿನ ಬ್ಯಾಂಜೋ ಸಡಿಲಿಸಿದ ತಕ್ಷಣ ಚಕ್ರ ಬಿಟ್ಕೊಳ್ತು. ಸಣ್ಣ ತೂತಿಂದ ಆಯಿಲ್ ಉಕ್ಕಲಿಲ್ಲ, ಲಿವರ್ ಎಷ್ಟೇ ನಿಧಾನಕ್ಕೆ ಎಳೆದ್ರೂ ಮೇಲ್ಮೈ ಅಲುಗಾಡೋದೇ ಇಲ್ಲ. ಸೀಲ್ ಕಾಲುವೆ ಕ್ಲೀನ್ ಮಾಡಿದ್ದೆ, ಸೀಲಿಗೆ ಬ್ರೇಕ್ ಆಯಿಲ್ ಮಾತ್ರ ಹಾಕಿದ್ದು. ಗ್ರೀಸ್ ಪಿನ್ನಿಗೆ ಅಷ್ಟೇ. ಬೂಟ್ ತೆಗೆದು ನೋಡಿದ್ರೆ ಹಿಗ್ಗಿ ಮೆತ್ತಗಾಗಿದೆ, ಹೊಸದು ತರ್ತೀನಿ.

ಸ್ಪ್ಯಾನರ್ಎಂಟು (ಮೈಸೂರು)

ಹಾಗಾದ್ರೆ ಹೋಸಿನ ಮೇಲೆ ಅನುಮಾನ ಬೇಡ. ಆ ಸಣ್ಣ ತೂತೇ ನಿಮ್ಮ ಎರಡೂ ತೊಂದರೆಯ ಮೂಲ.

ಲಿವರ್ ಬಿಟ್ಟಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದೆ ಬಂದು, ಮುಂದಿನ ರಬ್ಬರ್ ಕಪ್ (ಬಟ್ಟಲಿನ ಆಕಾರದ ಸೀಲು) ಆ ತೂತನ್ನ ದಾಟಿ ಹಿಂದೆ ನಿಲ್ಲಬೇಕು. ಆಗ ಕೆಳಗಿನ ಆಯಿಲಿಗೆ ಡಬ್ಬಿಗೆ ವಾಪಸ್ ಬರೋ ದಾರಿ ತೆರೆಯುತ್ತೆ. ದಾರಿ ಮುಚ್ಚಿದ್ರೂ ನೀವು ಪಂಪ್ ಮಾಡಿದಾಗ ಕಪ್ಪಿನ ಅಂಚಿನಿಂದ ಜಾರಿ ಹೊಸ ಆಯಿಲ್ ಒಳಗೆ ಬರ್ತಾನೇ ಇರುತ್ತೆ. ಬಂದದ್ದು ಹಿಂದಕ್ಕೆ ಹೋಗಲ್ಲ. ಅದಕ್ಕೇ ಪಂಪ್ ಮಾಡಿದ್ರೆ ಗಟ್ಟಿ. ನಾಲ್ಕು ಕಿಲೋಮೀಟರ್ ಹೋದ ಮೇಲೆ ಆಯಿಲ್ ಕಾದು ಹಿಗ್ಗುತ್ತೆ, ಹಿಗ್ಗಿದ್ದಕ್ಕೆ ಜಾಗ ಪ್ಯಾಡ್ ಕಡೆಗೆ ಮಾತ್ರ. ಎರಡು ಬಾಟಲಿ ಸುರಿದ್ರೂ ಏರ್ ಪೂರ್ತಿ ಹೋಗದಿರೋದಕ್ಕೂ ಇದೇ ಕಾರಣ: ಮೇಲೆ ಸೇರಿದ ಗುಳ್ಳೆಗಳು ಆ ತೂತಿನಿಂದಲೇ ಡಬ್ಬಿಗೆ ಬರಬೇಕು.

ಮೊದಲ ಅನುಮಾನ ಹೊಸ ಲಿವರ್ ಮೇಲೆ. ಮಡಚೋ ಲಿವರುಗಳಲ್ಲಿ ಪಿಸ್ಟನ್ನಿಗೆ ತಾಗೋ ಮೂತಿ ಅಸಲಿಗಿಂತ ಒಂದೆರಡು ಎಂಎಂ ದಪ್ಪ ಇದ್ರೂ ಸಾಕು, ಪಿಸ್ಟನ್ನನ್ನ ಸದಾ ಒತ್ತಿಕೊಂಡೇ ಇರುತ್ತೆ. ಲಿವರಿನ ಬೋಲ್ಟ್ ತೆಗೆದು ಲಿವರ್ ಹೊರಗಿಡಿ. ಪಿಸ್ಟನ್ ಸರ್ಕ್ಲಿಪ್ (ಅದನ್ನ ತಡೆಯೋ ಉಂಗುರ) ತನಕ ಹೊರಗೆ ಬಂತಾ ನೋಡಿ. ಬಂದ ಮೇಲೆ ಬೆರಳಿಂದಲೋ ಮರದ ಕಡ್ಡಿಯಿಂದಲೋ ಪಿಸ್ಟನ್ ಸ್ವಲ್ಪ ಒತ್ತಿ, ಬುಗ್ಗೆ ಬಂದ್ರೆ ತಪ್ಪು ಲಿವರಿದೇ. ಮೂತಿ ಅರ ಹಾಕಿ ಸವೆಸೋಕೆ ಹೋಗಬೇಡಿ, ನಿಮ್ಮ ಮಾಡೆಲ್ಲಿನ ಅಸಲಿ ಲಿವರ್ ಹಾಕಿ. ಕೂರಿಸಿದ ಮೇಲೆ ಲಿವರ್ ಪಿಸ್ಟನ್ನಿಗೆ ತಾಗೋ ಮುಂಚೆ ಬೆರಳಿಗೆ ಗೊತ್ತಾಗೋಷ್ಟು ಸಡಿಲ ಇರಲೇಬೇಕು. ಲಿವರ್ ಬಿಟ್ಟರೂ ಬ್ರೇಕ್ ಲೈಟ್ ಉರೀತಿದ್ರೆ ಅದೂ ಇದೇ ದೋಷದ ಸುಳಿವು.

ಲಿವರ್ ಇಲ್ಲದೆಯೂ ಉಕ್ಕದಿದ್ರೆ ತೂತು ಕಟ್ಟಿದೆ, ಅಥವಾ ಕಿಟ್ ತಪ್ಪಾಗಿ ಕೂತಿದೆ. ಕಪ್ಪಿನ ಬಾಯಿ ಒತ್ತಡದ ಕಡೆಗೆ, ಅಂದ್ರೆ ಸ್ಪ್ರಿಂಗ್ ಕಡೆಗೆ ಇರಬೇಕು. ತೂತು ಬಿಡಿಸೋಕೆ ಕರೆಂಟ್ ವೈರಿನ ತಾಮ್ರದ ಒಂದೇ ಎಳೆ ಸಾಕು. ಪಿನ್ನು, ಡ್ರಿಲ್ ಬಿಟ್ ತೂರಿಸಿ ಅಂಚು ಏಳಿಸಿದ್ರೆ ಹೊಸ ಕಪ್ಪನ್ನ ಅದೇ ಕತ್ತರಿಸಿಬಿಡುತ್ತೆ.

ಕೆರೆಏರಿ150 (ಮಂಡ್ಯ)

ಲಿವರ್ ತೆಗೆದ ಕೂಡಲೇ ಪಿಸ್ಟನ್ ಟಕ್ ಅಂತ ಹೊರಗೆ ಬಂತು. ಒತ್ತಿದ್ರೆ ಆಯಿಲ್ ಚಿಮ್ಮಿತು. ಅಸಲಿ ಲಿವರ್, ಪಿನ್ ಬೂಟ್ ಹಾಕಾಯ್ತು, ಈಗ ಚಕ್ರ ಹಿಡ್ಕೊಳ್ತಿಲ್ಲ. ಲಿವರ್ ಮಾತ್ರ ಇನ್ನೂ ಅರ್ಧದ ತನಕ ಮೆತ್ತಗೆ.

ಬನ್ನಿಮಂಟಪ42 (ಮೈಸೂರು)

ಉಳಿದಿರೋದು ಗಾಳಿ. ಏರ್ ತೆಗೆಯೋ ಮುಂಚೆ ಎರಡೂ ಬ್ಯಾಂಜೋಗೆ ಹೊಸ ವಾಷರ್ ಹಾಕಿ, ಬೋಲ್ಟಿಗೆ ಎರಡರಂತೆ ಒಟ್ಟು ನಾಲ್ಕು. ಒಂದು ಸಲ ಒತ್ತಿ ಚಪ್ಪಟೆಯಾದ ತಾಮ್ರ ಮತ್ತೆ ಸರಿಯಾಗಿ ಕೂರಲ್ಲ. 10 ಎಂಎಂ ಬ್ಯಾಂಜೋಗೆ ಸಾಮಾನ್ಯವಾಗಿ 25ರಿಂದ 35 ನ್ಯೂಟನ್ ಮೀಟರ್ ಟಾರ್ಕ್, ನಿಮ್ಮ ಮ್ಯಾನ್ಯುಯಲ್ ಏನು ಹೇಳುತ್ತೋ ಅದೇ ಅಂತಿಮ. ನಿಪ್ಪಲಿಗೆ ಅದರ ಕಾಲು ಭಾಗ ಸಾಕು, ಅದು ಟೊಳ್ಳು, ಮುರಿದ್ರೆ ಕ್ಯಾಲಿಪರೇ ಹೋಗುತ್ತೆ. ನಿಪ್ಪಲ್ ಕ್ಯಾಲಿಪರಿನ ಮೇಲ್ತುದೀಲಿ ಇದೆಯಾ ಅಂತಲೂ ನೋಡಿ, ಕೆಳಗಿದ್ರೆ ಗಾಳಿ ಮೇಲೇ ಉಳಿಯುತ್ತೆ.

ಕೆಳಗಿಂದ ಮೇಲಕ್ಕೆ ತುಂಬಿ. 60 ಎಂಎಲ್ ಸಿರಿಂಜ್, ನಿಪ್ಪಲಿಗೆ ಬಿಗಿಯಾಗಿ ಕೂರೋ ಪಾರದರ್ಶಕ ಪೈಪ್ ಸಾಕು. ಡಬ್ಬಿ ಆಯಿಲ್ ಅರ್ಧಕ್ಕೆ ಇಳಿಸಿ, ಸಿರಿಂಜ್ ಮತ್ತು ಪೈಪಿನ ಗಾಳಿ ಹೊರಹಾಕಿ, ನಿಪ್ಪಲ್ ಅರ್ಧ ಸುತ್ತು ತೆರೆದು ನಿಧಾನಕ್ಕೆ ತಳ್ಳಿ. ಡಬ್ಬೀಲಿ ಗುಳ್ಳೆ ಏಳೋದು ಕಾಣುತ್ತೆ. ಉಕ್ಕಿ ಹೊರಗೆ ಬರದ ಹಾಗೆ ಮೇಲಿಂದ ಇನ್ನೊಂದು ಸಿರಿಂಜಲ್ಲಿ ಎಳೀತಿರಿ. ಆಮೇಲೆ ಹ್ಯಾಂಡಲ್ ತಿರುಗಿಸಿ ಮಾಸ್ಟರ್ ಸಿಲಿಂಡರಿನ ಬ್ಯಾಂಜೋ ಕಡೆ ಆ ಸಣ್ಣ ತೂತಿಗಿಂತ ತಗ್ಗಿಗೆ ಬರೋ ಹಾಗೆ ನಿಲ್ಲಿಸಿ, ಲಿವರನ್ನ ಆ ಬುಗ್ಗೆ ಬರೋಷ್ಟೇ ದೂರ ಇಪ್ಪತ್ತು ಮೂವತ್ತು ಸಲ ಮಿಡೀರಿ. ಕೊನೆಗೆ ಉಳಿಯೋ ಗುಳ್ಳೆ ಆ ಮೂಲೆಯದ್ದೇ.

ತೆರೆದು ತಿಂಗಳುಗಟ್ಟಲೆ ಇಟ್ಟ ಬಾಟಲಿ ಬಳಸ್ಬೇಡಿ. ಡಾಟ್ 4ರ ಕುದಿಬಿಂದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ನೀರು ಹೀರಿದ ಆಯಿಲಿಗೆ ಮಾನದಂಡ 155 ಅಷ್ಟೇ. ಚಾಮುಂಡಿ ಬೆಟ್ಟದಿಂದ ಬ್ರೇಕ್ ಹಿಡ್ಕೊಂಡೇ ಇಳಿಯುವಾಗ ಆಯಿಲ್ ಕುದ್ದು ಆವಿಯಾದ್ರೆ ಲಿವರ್ ಒಮ್ಮೆಲೇ ಗ್ರಿಪ್ಪಿಗೆ ಬರುತ್ತೆ. ಡಾಟ್ 5 ಅಂತ ಬರೆದಿರೋದು ಸಿಲಿಕಾನ್, ಇದರ ಜೊತೆ ಬೆರೆಸೋ ಹಾಗಿಲ್ಲ. 5.1 ಆದ್ರೆ ಪರವಾಗಿಲ್ಲ.

ಮುಗಿದ ಮೇಲೆ ಲಿವರ್ ಜೋರಾಗಿ ಹಿಡಿದು ಒಂದು ನಿಮಿಷ ಹಾಗೇ ಇರಿ. ನಿಧಾನಕ್ಕೆ ಒಳಗೆ ಸರಿದ್ರೆ ಎಲ್ಲೋ ಸೋರ್ತಿದೆ ಅಥವಾ ಮಾಸ್ಟರ್ ಸಿಲಿಂಡರಿನ ಕಪ್ಪನ್ನ ದಾಟಿ ಆಯಿಲ್ ಹಿಂದಕ್ಕೆ ಜಾರ್ತಿದೆ, ಆಗ ಗಾಡಿ ತೆಗೀಲೇಬೇಡಿ. ಸರಿಯದಿದ್ರೆ ಬ್ಯಾಂಜೋ, ನಿಪ್ಪಲ್ ಸುತ್ತ ಟಿಶ್ಯೂ ಒತ್ತಿ ಒಣಗಿದೆಯಾ ನೋಡಿ, ಖಾಲಿ ರಸ್ತೇಲಿ 20 ಕಿಲೋಮೀಟರ್ ವೇಗದಲ್ಲಿ ಮೊದಲ ಪರೀಕ್ಷೆ ಮಾಡಿ. ಆಮೇಲೆ ಹೊಸ ಪ್ಯಾಡ್ ಕೂರೋಕೆ 40ರಿಂದ 10ಕ್ಕೆ ಹದವಾಗಿ ಹದಿನೈದಿಪ್ಪತ್ತು ಸಲ ಇಳಿಸಿ, ನಡುವೆ ಡಿಸ್ಕ್ ಆರೋಕೆ ಬಿಡಿ.

ಕೆರೆಏರಿ150 (ಮಂಡ್ಯ)

ವಾಷರ್ ಬದಲಾಯಿಸಿ ಸಿರಿಂಜಲ್ಲಿ ಮಾಡ್ದೆ. 40 ಎಂಎಲ್ ಹೋಗೋದ್ರೊಳಗೆ ಡಬ್ಬೀಲಿ ಕಡಲೆ ಗಾತ್ರದ ಗುಳ್ಳೆ ಎರಡು ಎದ್ದವು. ಲಿವರ್ ಈಗ ಮೊದಲ ಹಿಡಿತಕ್ಕೇ ಗಟ್ಟಿ, ಒಂದು ನಿಮಿಷ ಹಿಡಿದ್ರೂ ಸರಿಯಲಿಲ್ಲ. ಎಂಟು ಕಿಲೋಮೀಟರ್ ಹೋಗಿ ಬಂದು ಚಕ್ರ ಎತ್ತಿ ತಿರುಗಿಸಿದೆ, ಸಲೀಸಾಗಿ ಸುತ್ತತದೆ.