ಪದಬಂಧಕ್ಕೆ ಉದ್ದನೆಯ, ಚಮತ್ಕಾರದ ಸುಳಿವು ಬರೆಯುವುದು ಹೇಗೆ? ಅನುಭವ ಇರುವವರು ತಿಳಿಸಿ

ಪೊನ್ನಂಪೇಟೆಯಿಂದ ಪ್ರಶ್ನೆ:

ನಾನು ನಿವೃತ್ತ ಶಿಕ್ಷಕಿ. ನಮ್ಮ ಊರಿನ ಓದುಗರ ಬಳಗ ತಿಂಗಳಿಗೊಮ್ಮೆ ನಾಲ್ಕು ಪುಟದ ಪತ್ರಿಕೆಯೊಂದನ್ನು ತರುತ್ತದೆ. ಅದರ ಕೊನೆಯ ಪುಟದ ಪದಬಂಧ ಎರಡು ವರ್ಷಗಳಿಂದ ನನ್ನ ಪಾಲಿನ ಕೆಲಸ. ‘ಸೂರ್ಯ (2)’, ‘ತಾವರೆ (3)’ ಎಂಬಂತಹ ಸುಳಿವುಗಳನ್ನು (ಆವರಣದಲ್ಲಿರುವುದು ಉತ್ತರದ ಅಕ್ಷರಗಳ ಸಂಖ್ಯೆ) ಓದುಗರು ಹತ್ತು ನಿಮಿಷದಲ್ಲಿ ಮುಗಿಸಿ ಪತ್ರಿಕೆ ಮಡಚಿಡುತ್ತಾರೆ. ನಮ್ಮ ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ಸಂಚಿಕೆಗೆ ಒಂದೆರಡು ಸಾಲಿನ, ಓದಿದವರು ತಡೆದು ಯೋಚಿಸಿ ಕೊನೆಗೆ ನಗುವಂತಹ ಸುಳಿವುಗಳನ್ನು ಬರೆಯಬೇಕೆಂದು ಆಸೆಯಾಗಿದೆ. ಮೊದಲ ಪ್ರಯತ್ನ ಹೀಗೆ ಬಂತು: ‘ಕೊಡಗಿನ ತೋಟಗಳಲ್ಲಿ ಮರದ ನೆರಳಿನಲ್ಲಿ ಬೆಳೆಯುವ, ಬೆಳಿಗ್ಗೆ ಎದ್ದ ಕೂಡಲೇ ಎಲ್ಲರಿಗೂ ಬೇಕೆನಿಸುವ ಬಿಸಿ ಪೇಯ (2)’. ಉದ್ದವೇನೋ ಆಯಿತು, ಚಮತ್ಕಾರ ಬರಲಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಮಡಿಕೇರಿಯಿಂದ:

ಟೀಚರ್, ನಿಮ್ಮ ಸುಳಿವಿನಲ್ಲಿ ಇರುವುದೆಲ್ಲ ನಿಜ, ತೊಂದರೆಯೂ ಅದೇ. ಅದು ಕಾಫಿಯ ವರ್ಣನೆ. ಓದುವವರು ‘ತೋಟ’ ಎಂಬಲ್ಲಿಗೇ ಉತ್ತರ ಬರೆದು ಮುಂದಿನದನ್ನು ಓದದೆ ಬಿಡುತ್ತಾರೆ. ವಿಶೇಷಣ ಸೇರಿಸುತ್ತಾ ಹೋದರೆ ಸುಳಿವು ಉದ್ದವಾಗುತ್ತದೆ, ಜೊತೆಗೆ ಸುಲಭವೂ ಆಗುತ್ತದೆ. ವಸ್ತುವನ್ನು ಬಿಟ್ಟು ಪದವನ್ನು ನೋಡಲು ಶುರು ಮಾಡಿ.

ನನಗೆ ಇದು ಹೊಳೆದದ್ದು ಒಂದು ಚುನಾವಣೆಯ ಸಮಯದಲ್ಲಿ. ‘ಕಾವೇರಿದ ಪ್ರಚಾರ’ ಎಂಬ ತಲೆಬರಹವನ್ನು ಓದುತ್ತಿದ್ದವನಿಗೆ ಅದರೊಳಗೆ ನಮ್ಮ ಹೊಳೆ ಕಾಣಿಸಿತು. ಕಾವು, ಏರಿ. ಊರು ಊರು ಸೇರಿ ಊರೂರು ಆದ ಹಾಗೆ ಕಾವು ಏರಿ ಕಾವೇರಿ! ಲೋಪಸಂಧಿಯನ್ನು ಮೂವತ್ತು ವರ್ಷ ಪಾಠ ಮಾಡಿದ್ದೆ. ಅದರಿಂದ ಇಷ್ಟು ಸಂತೋಷ ಸಿಗಬಹುದೆಂದು ಆ ದಿನ ತಿಳಿಯಿತು. ಸುಳಿವು ಹೀಗೆ ಬಂತು: ‘ಬಿಸಿ ಹೆಚ್ಚಾಗಿ ತಣ್ಣಗೆ ಹರಿದವಳು (3)’. ಇದಕ್ಕೆ ಬ್ರಹ್ಮಗಿರಿ, ತುಲಾ ಸಂಕ್ರಮಣ ಎಲ್ಲವನ್ನೂ ಸೇರಿಸಿ ಉದ್ದ ಮಾಡಲು ಹೋದೆ. ಸೇರಿಸಿದ್ದೆಲ್ಲ ಉತ್ತರವನ್ನು ಬಿಟ್ಟುಕೊಟ್ಟಿತು. ಆ ಪದ ಕೇಳಿದ್ದು ನಾಲ್ಕೇ ಮಾತು.

ಹಾಗಾದರೆ ಉದ್ದ ಯಾವಾಗ ಬೇಕು? ಪದ ಒಡೆದಾಗ ಸಿಗುವ ಚೂರುಗಳು ಹೆಚ್ಚಾಗಿದ್ದು, ಅವೆಲ್ಲ ಒಂದೇ ದೃಶ್ಯದಲ್ಲಿ ಕೂರುವಾಗ. ವಿರಾಜಪೇಟೆಯನ್ನು ತೆಗೆದುಕೊಳ್ಳಿ. ವಿ, ರಾಜ, ಪೇಟೆ. ‘ವಿಜಯದ ಮೊದಲ ಹೆಜ್ಜೆಯಲ್ಲೇ ಅರಸ ಮಾರುಕಟ್ಟೆಗೆ ಬಂದು ತನ್ನ ಹೆಸರು ಕೊಟ್ಟ ಊರು (5)’. ಹತ್ತು ಪದಗಳಿವೆ. ವಿಜಯದ ಮೊದಲ ಅಕ್ಷರ ವಿ, ಅರಸ ರಾಜ, ಮಾರುಕಟ್ಟೆ ಪೇಟೆ. ಊರಿಗೆ ದೊಡ್ಡ ವೀರರಾಜೇಂದ್ರನ ಹೆಸರು ಬಂದದ್ದೂ ನಿಜ. ಚೂರುಗಳನ್ನು ಜೋಡಿಸಿದ ಕಟ್ಟು ಹೇಳುವ ಕಥೆಯೂ ಊರಿನ ಕಥೆಯೂ ಒಂದೇ ಆಗುವುದು ಅಪರೂಪ. ಅಂಥದ್ದು ಸಿಕ್ಕಿದಾಗ ಒಂದು ವಾರ ಹಿಡಿದರೂ ಕೈಬಿಡಬೇಡಿ.

ಇನ್ನೊಂದು ಕಿತ್ತಳೆ. ಈ ಪದವನ್ನು ಜೋರಾಗಿ ಓದಿ, ಕೊನೆಯಲ್ಲಿ ದನಿ ಸ್ವಲ್ಪ ಏರಿಸಿ. ಪ್ರಶ್ನೆಯಾಯಿತಲ್ಲವೇ? ‘ಅವಳು ಬಿಡಿಸಿದಳೇ ಎಂದು ತೋಟದ ಯಜಮಾನರು ಕೇಳಿದಾಗ, ತೊಳೆತೊಳೆಯಾಗಿ ಬಾಯಿಬಿಟ್ಟ ಹಣ್ಣು (3)’. ಕನ್ನಡದಲ್ಲಿ ಕ್ರಿಯಾಪದದ ಬಾಲದಲ್ಲೇ ಯಾರು, ಯಾವಾಗ, ಪ್ರಶ್ನೆಯೋ ಉತ್ತರವೋ ಎಲ್ಲವೂ ಅಡಗಿರುತ್ತದೆ. ಚಮತ್ಕಾರದ ಗಣಿ ಅಲ್ಲಿದೆ.

ಬರೆದಾದ ಮೇಲೆ ಒಂದು ಪರೀಕ್ಷೆ ಮಾಡುತ್ತೇನೆ. ಸುಳಿವಿನ ಪದಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚಿ ಓದುತ್ತೇನೆ. ಮುಚ್ಚಿದ ಪದವಿಲ್ಲದೆಯೂ ದೃಶ್ಯ, ಕಟ್ಟು, ಅರ್ಥ ಮೂರೂ ನಿಂತರೆ ಆ ಪದವನ್ನು ಹೊಡೆದು ಹಾಕುತ್ತೇನೆ.

ಕುಶಾಲನಗರದಿಂದ:

ನಾನು ರಚಿಸುವವಳಲ್ಲ, ಬಿಡಿಸುವವಳು. ಮದುವೆಯಾಗಿ ಬಂದಾಗಿನಿಂದ ಮನೆಗೆ ಬರುವ ಪ್ರತಿಯೊಂದು ಪತ್ರಿಕೆಯ ಪದಬಂಧವನ್ನೂ ತುಂಬಿದ್ದೇನೆ. ಬಿಡಿಸುವವರ ಕಡೆಯಿಂದ ಕೆಲವು ಮಾತು ಹೇಳಬೇಕು.

ಹಿಂದೊಮ್ಮೆ ಒಂದು ಸ್ಮರಣ ಸಂಚಿಕೆಯಲ್ಲಿ ಈ ಸುಳಿವಿತ್ತು: ‘ಹಡಗಿನ ಮೂತಿ ಕಳಚಿ ಕೊಡೆಯ ತುದಿ ಸಿಕ್ಕಿಸಿದರೆ ಕಡಲಿಲ್ಲದ ನಾಡು (3)’. ಓದಿದ ಕೂಡಲೇ ಮನಸ್ಸು ಅರಳಿತು. ಹಡಗು ಹತ್ತಲು ನಾವು ಘಟ್ಟ ಇಳಿಯಬೇಕು, ಕೊಡೆಯಿಲ್ಲದೆ ಜೂನ್‌ನಲ್ಲಿ ಮನೆಯಿಂದ ಹೊರಬೀಳುವಂತಿಲ್ಲ. ಎಷ್ಟು ಸರಿಯಾದ ಚಿತ್ರ! ಆದರೆ ತುದಿ ಎಂದರೆ ಯಾವ ತುದಿ? ನಾನು ಕೊನೆಯೆಂದು ತಿಳಿದು ‘ಡೆ’ ಇಟ್ಟೆ. ಡೆಡಗು! ಅರ್ಧ ಗಂಟೆ ಆ ಮೂಲೆಯೇ ಕದಲಲಿಲ್ಲ. ‘ಹಡಗಿನ ತಲೆ ತೆಗೆದು ಕೊಡೆಯ ತಲೆ ಇಟ್ಟರೆ’ ಎಂದಿದ್ದರೆ ಕೊಡಗು ತಾನಾಗಿ ಬರುತ್ತಿತ್ತು, ಸೊಗಸೂ ಕೆಡುತ್ತಿರಲಿಲ್ಲ. ಬಿಡಿಸುವವರನ್ನು ದಾರಿ ತಪ್ಪಿಸಿ, ಬೇಕಾದಷ್ಟು ತಪ್ಪಿಸಿ. ಆದರೆ ಉತ್ತರ ಸಿಕ್ಕ ಮೇಲೆ ಹಿಂದಿರುಗಿ ಓದಿದಾಗ ಪ್ರತಿ ಅಕ್ಷರಕ್ಕೂ ಲೆಕ್ಕ ಸಿಗಬೇಕು. ಲೆಕ್ಕ ಸಿಗದಿದ್ದರೆ ನಮಗೆ ಮೋಸವಾದ ಹಾಗೆ ಅನಿಸುತ್ತದೆ, ಮುಂದಿನ ತಿಂಗಳು ಪೆನ್ಸಿಲ್ ಎತ್ತುವ ಮನಸ್ಸಾಗುವುದಿಲ್ಲ.

ಎಲ್ಲ ಸುಳಿವುಗಳನ್ನೂ ಉದ್ದ ಮಾಡಬೇಡಿ. ಇಪ್ಪತ್ತರಲ್ಲಿ ನಾಲ್ಕೈದು ಸಾಕು, ಅವೂ ಒಂದೇ ಮೂಲೆಯಲ್ಲಿ ಬೇಡ. ಉಳಿದವು ನೇರವಾಗಿರಲಿ. ನಮಗೆ ಕಾಲೂರಲು ಜಾಗ ಬೇಕು. ಒಂದು ವಿಷಯದಲ್ಲಿ ಮಾತ್ರ ಧೈರ್ಯವಾಗಿರಿ: ನಮ್ಮ ಪದಬಂಧದಲ್ಲಿ ಒಂದು ಚೌಕಕ್ಕೆ ಒಂದು ಇಡೀ ಅಕ್ಷರ, ಸ್ವರವೂ ಒತ್ತೂ ಸೇರಿಯೇ. ಅಡ್ಡ ಬರುವ ಪದದಿಂದ ಒಂದು ಅಕ್ಷರ ಸಿಕ್ಕಿತೆಂದರೆ ಮೂರಕ್ಷರದ ಉತ್ತರದ ಮೂರನೆಯ ಒಂದು ಪಾಲು ಸಿಕ್ಕಿತು. ಹಾಗಾಗಿ ಸುಳಿವು ಸ್ವಲ್ಪ ಗಡುಸಾಗಿದ್ದರೂ ಬಿಡಿಸುತ್ತೇವೆ. ಒತ್ತಕ್ಷರದ ಚೌಕದಲ್ಲಿ ಎರಡು ಪದಗಳನ್ನು ದಾಟಿಸುವುದು ರಚಿಸುವವರಿಗೆ ಕಷ್ಟ ಎಂದು ಕೇಳಿದ್ದೇನೆ. ಹೆಚ್ಚಿನವರು ಅಲ್ಲಿ ಕಪ್ಪು ಚೌಕ ಹಾಕಿ ತಪ್ಪಿಸಿಕೊಳ್ಳುತ್ತಾರೆ.

ಸೋಮವಾರಪೇಟೆಯ ಹತ್ತಿರದ ಕಾಫಿ ತೋಟದಿಂದ:

ನಾನು ತೋಟದಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವನು. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ಮೂರು ದಿನ ಬರುವುದಿಲ್ಲ. ಅಂತಹ ಒಂದು ಸಂಜೆ ಮಗಳಿಗೆ ಕಾಗುಣಿತ ಬರೆಸುತ್ತಿದ್ದೆ. ‘ರ ಕೊಂಬು ರು, ರ ಗುಡಿಸು ರಿ’ ಎಂದು ಅವಳು ರಾಗವಾಗಿ ಹೇಳುತ್ತಿದ್ದಾಗ ನನ್ನ ಕಿವಿ ನೆಟ್ಟಗಾಯಿತು. ಅಕ್ಷರದ ಗುರುತುಗಳಿಗೆ ನಮ್ಮವರು ಎಂಥ ಹೆಸರುಗಳನ್ನು ಇಟ್ಟಿದ್ದಾರೆ! ಕೊಂಬು ದನಕ್ಕೂ ಇದೆ, ಮದುವೆಯಲ್ಲಿ ಊದಲೂ ಇದೆ. ಗುಡಿಸುವುದು ಅಂಗಳದ ಕೆಲಸ.

‘ಕರ’ ಎಂಬ ಪದವನ್ನು ಇಟ್ಟುಕೊಂಡು ಆ ರಾತ್ರಿ ಕುಳಿತೆ. ಕರ ಎಂದರೆ ತೆರಿಗೆ, ಕೈ ಕೂಡ. ಕೊಂಬು ಕೊಟ್ಟರೆ ಕರು, ಗುಡಿಸು ಕೊಟ್ಟರೆ ಕರಿ, ಎಂದರೆ ಆನೆ. ಮೊದಲನೆಯದು: ‘ತೆರಿಗೆಗೆ ಕೊಂಬು ಬಂದರೂ, ಇನ್ನೂ ಕೊಂಬೇ ಮೂಡದೆ ಕೊಟ್ಟಿಗೆಯಲ್ಲಿ ಜಿಗಿದಾಡುತ್ತಿದೆ (2)’. ಎರಡನೆಯದು: ‘ಕೈ ಗುಡಿಸಿ ನಿಂತಾಗ ತೋಟದ ಬೇಲಿ ಮುರಿದುಕೊಂಡು ಬಂದದ್ದು (2)’. ಆನೆ ಬಂದು ಬಾಳೆ ತಿಂದು ಹೋದ ಬೆಳಿಗ್ಗೆಯೇ ಇದನ್ನು ನಮ್ಮ ಕಾರ್ಮಿಕರ ಲೈನ್ ಮನೆಯ ಹುಡುಗರಿಗೆ ಹೇಳಿದೆ. ಅವರಲ್ಲಿ ನಾಲ್ಕನೆಯ ತರಗತಿಯವನು ಎಲ್ಲರಿಗಿಂತ ಮೊದಲು ಬಿಡಿಸಿದ. ಕಾಗುಣಿತ ಅವನಿಗೆ ಹಸಿಯಾಗಿ ನೆನಪಿತ್ತು.

ಟೀಚರ್, ನೀವು ಎಷ್ಟು ಮಕ್ಕಳಿಗೆ ಕಾಗುಣಿತ ತಿದ್ದಿಸಿರಬಹುದು! ಈ ದಾರಿ ನನಗಿಂತ ನಿಮಗೆ ಹತ್ತಿರದ್ದು.

ನಾಪೋಕ್ಲಿನವನು, ಈಗ ಬೆಂಗಳೂರಿನಿಂದ:

ನಾನು ಇಂಗ್ಲಿಷ್ ಪದಬಂಧಗಳಿಂದ ಶುರು ಮಾಡಿ ಕನ್ನಡಕ್ಕೆ ಬಂದವನು. ಅಲ್ಲಿಂದ ಏನನ್ನು ತರಬಹುದು, ಏನನ್ನು ತರಬಾರದು ಎಂಬುದನ್ನು ಕಷ್ಟಪಟ್ಟು ಕಲಿತಿದ್ದೇನೆ.

1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಮೊದಲ ಪದಬಂಧವನ್ನು ಪ್ರಕಟಿಸಿದಾಗ ಸುಳಿವುಗಳು ನೇರ ಅರ್ಥದವೇ ಆಗಿದ್ದವು. ಒಗಟಿನಂತಹ ಸುಳಿವು ಬೆಳೆದದ್ದು ಆಮೇಲೆ, ಇಂಗ್ಲೆಂಡಿನಲ್ಲಿ. ಅಲ್ಲಿ ಅಫ್ರಿಟ್ ಎಂಬ ಅಂಕಿತದ ರಚನಕಾರರು ಒಂದು ನಿಯಮ ಹಾಕಿಕೊಟ್ಟರು. ಸುಳಿವಿನ ಮಾತು ಮೇಲೆ ಕಾಣುವ ಅರ್ಥವನ್ನೇ 
ಉದ್ದೇಶಿಸಬೇಕಾಗಿಲ್ಲ, ಆದರೆ ಉದ್ದೇಶಿಸಿದ್ದನ್ನು ಆ ಮಾತು ಹೇಳಿರಲೇಬೇಕು ಎಂಬುದು ಅದರ ತಿರುಳು. ಕುಶಾಲನಗರದವರು ‘ತುದಿ’ಯ ಬಗ್ಗೆ ಹೇಳಿದ್ದು ಇದನ್ನೇ.

ಉದ್ದನೆಯ ಸುಳಿವಿನಲ್ಲಿ ನಾನು ಗುರುವೆಂದು ತಿಳಿಯುವುದು ಜಾನ್ ಗ್ರಹಾಂ ಅವರನ್ನು. ಅವರು ಪಾದ್ರಿ, ಗಾರ್ಡಿಯನ್ ಪತ್ರಿಕೆಗೆ ಅರೌಕೇರಿಯಾ ಎಂಬ ಮರದ ಹೆಸರಿನಲ್ಲಿ ದಶಕಗಳ ಕಾಲ ಪದಬಂಧ ರಚಿಸಿದರು. ಕವಿ ರೂಪರ್ಟ್ ಬ್ರೂಕ್ ಹಾಡಿದ, ಮುಂದೆ ರಾಜಕಾರಣಿ ಜೆಫ್ರಿ ಆರ್ಚರ್ ಅವರದಾದ ಮನೆಯೊಂದರ ಹೆಸರಿನ 26 ಅಕ್ಷರಗಳನ್ನು ಕಲಸಿ, ಆ ಆರ್ಚರ್ ಬಗ್ಗೆಯೇ ಒಂದು ಚುರುಕು ವಾಕ್ಯ ಕಟ್ಟಿದ್ದರು. 2013ರ ಜನವರಿಯಲ್ಲಿ ತಮಗೆ ಅನ್ನನಾಳದ ಕ್ಯಾನ್ಸರ್ ಬಂದಿರುವುದನ್ನು ಓದುಗರಿಗೆ ತಿಳಿಸಿದ್ದು ಕೂಡ ಪದಬಂಧದ ಮೂಲಕವೇ. ಬಿಡಿಸಿದವರಿಗೆ ಮಾತ್ರ ಅದು ತಿಳಿಯಿತು. ಅದೇ ವರ್ಷ ನವೆಂಬರ್‌ನಲ್ಲಿ ತೀರಿಕೊಂಡರು. ಚೌಕಗಳ ಮೂಲಕ ಇಷ್ಟು ಹತ್ತಿರದ ಮಾತನ್ನು ಆಡಬಹುದೆಂದು ನನಗೆ ಗೊತ್ತೇ ಇರಲಿಲ್ಲ.

ಆದರೆ ಅವರ ಆ 26 ಅಕ್ಷರಗಳ ಕಲಸುವಿಕೆಯನ್ನು ಕನ್ನಡಕ್ಕೆ ತರಲು ಹೋಗಿ ಎರಡು ವರ್ಷ ಕಳೆದೆ. ನಮ್ಮ ಅಕ್ಷರ ಸ್ವರವನ್ನು ಹೊತ್ತುಕೊಂಡೇ ಇರುತ್ತದೆ; ಅದಲುಬದಲು ಮಾಡಿದರೆ ಇನ್ನೊಂದು ಪದ ಹುಟ್ಟುವುದು ವಿರಳ. ಎರಡಕ್ಷರದಲ್ಲಿ ಆಗುತ್ತದೆ: ನದಿ ಹಿಂದಕ್ಕೆ ಹರಿದರೆ ದಿನ. ಐದಾರು ಅಕ್ಷರವೆಂದರೆ ಬರೀ ತಡಕಾಟ. ನಮ್ಮ ಬಲ ಶ್ಲೇಷೆಯಲ್ಲಿದೆ, ಸಂಧಿಯಲ್ಲಿದೆ. ಪ್ರಹೇಳಿಕೆಗಳಲ್ಲಿ, ಅಂದರೆ ಒಗಟಿನ ಪದ್ಯಗಳಲ್ಲಿ, ಹದಿನಾರು ಬಗೆಗಳನ್ನು ಸಂಸ್ಕೃತದ ಅಲಂಕಾರಶಾಸ್ತ್ರಜ್ಞ ದಂಡಿ ಎಣಿಸಿದ್ದಾನೆ; ಒಳಾರ್ಥವನ್ನು ಮುಚ್ಚಿಟ್ಟು ಹೇಳುವ ಅಲ್ಲಮನ ಬೆಡಗಿನ ವಚನಗಳಿವೆ, ಕನಕದಾಸರ ಒಗಟಿನಂಥ ಮುಂಡಿಗೆಗಳಿವೆ. ಅಲ್ಲಿಂದ ಕಲಿಯಲು ಒಂದು ಜನ್ಮ ಸಾಲದು.

ನಿಮ್ಮ ಕಾಫಿಗೆ ನನ್ನ ಕಾಣಿಕೆ. ಹಿಂದೂಸ್ತಾನಿ ಸಂಗೀತದಲ್ಲಿ ಕಾಫಿ ಒಂದು ಥಾಟ್ (ರಾಗಗಳನ್ನು ವಿಂಗಡಿಸುವ ಮೂಲ ವರ್ಗ), ರಾಗವೂ ಹೌದು. ‘ಕಚೇರಿಯ ನಡುವೆ ಎದ್ದು ಕುಡಿಯಲು ಹೋದರು, ಒಳಗೆ ಅದನ್ನೇ ಹಾಡುತ್ತಿದ್ದರು (2)’. ಓದುವವರಿಗೆ ಮೊದಲು ಸರ್ಕಾರಿ ಕಚೇರಿಯೇ ಕಣ್ಣಿಗೆ ಬರಲಿ.

ಭಾಗಮಂಡಲದಿಂದ:

ಒಂದೇ ಮಾತು. 2018ರ ಜುಲೈನಲ್ಲಿ ನಾನು ಬರೆದಿಟ್ಟಿದ್ದ ಸುಳಿವು: ‘ಪಕ್ಕದಲ್ಲೇ ಇದ್ದದ್ದು ಒಂದು ರಾತ್ರಿ ಉಕ್ಕಿ ಮನೆಯೊಳಗೆ ಬಂತು (2)’. ನೆರೆ. ಕಟ್ಟು ಬಿಗಿಯಾಗಿತ್ತು, ಮನಸ್ಸಿಗೆ ಹಿಡಿಸಿತ್ತು. ಆಗಸ್ಟ್ ನಡುವಿನಲ್ಲಿ ಗುಡ್ಡಗಳು ಜರಿದವು. ಮನೆ ಕಳೆದುಕೊಂಡವರು ಪರಿಹಾರ ಕೇಂದ್ರದಲ್ಲಿ ಕುಳಿತು ಅದೇ ಪುಟವನ್ನು ತೆರೆಯಬಹುದಿತ್ತು. ಸುಳಿವನ್ನಲ್ಲ, ಆ ಪದವನ್ನೇ ತೆಗೆದು ಇಡೀ ಮೂಲೆಯನ್ನು ಮತ್ತೆ ಕಟ್ಟಿದೆ. ಇಂದಿಗೂ ಬಳಸಿಲ್ಲ. ಯಾರು ಓದುತ್ತಾರೆ, ಯಾವ ತಿಂಗಳಲ್ಲಿ ಓದುತ್ತಾರೆ ಎಂಬುದನ್ನೂ ನೋಡಿಕೊಳ್ಳಿ ಟೀಚರ್.

ಪೊನ್ನಂಪೇಟೆಯಿಂದ ಮತ್ತೆ:

ನಿಮ್ಮೆಲ್ಲರ ಬರಹವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ನಾಲ್ಕು ದಿನ ಹುತ್ತರಿಯನ್ನೇ ಒಡೆಯುತ್ತಾ ಕುಳಿತೆ. ಹುತ್ತ, ಅರಿ. ಹಾವಿನ ಮನೆ, ತಿಳಿ! ಅಡುಗೆಮನೆಯಲ್ಲಿ ಕೂಗಿಕೊಂಡುಬಿಟ್ಟೆ. ನನ್ನ ಸುಳಿವು: ‘ಹಾವಿನ ಮನೆ ತಿಳಿ, ಸಂಭ್ರಮದಿಂದ ಹೊಸ ಕದಿರನ್ನು ಮನೆಗೆ ತರುವ ಹಬ್ಬ (3)’.

ಕುಶಾಲನಗರದಿಂದ:

ಮೊದಲರ್ಧ ಚಿನ್ನ. ಎರಡನೆಯ ಅರ್ಧದಲ್ಲಿ ‘ಕದಿರು’, ‘ಹಬ್ಬ’ ಎರಡೂ ಇರುವುದರಿಂದ ನಾನು ಹಾವನ್ನು ನೋಡುವ ಮೊದಲೇ ಉತ್ತರ ಬರೆದುಬಿಡುತ್ತೇನೆ. ‘ಸಂಭ್ರಮದಿಂದ’ ಎಂಬುದನ್ನು ಬೆರಳಿನಿಂದ ಮುಚ್ಚಿ ನೋಡಿ, ಏನೂ ಕಳೆಯುವುದಿಲ್ಲ. ಹಾವಿನ ಹೆದರಿಕೆಯನ್ನೇ ಕೊನೆಯವರೆಗೆ ಎಳೆದುಕೊಂಡು ಹೋಗಲು ಸಾಧ್ಯವೇ?

ಪೊನ್ನಂಪೇಟೆಯಿಂದ:

‘ಹಾವಿನ ಮನೆ ತಿಳಿ, ಹುಣ್ಣಿಮೆಯ ರಾತ್ರಿ ಕೋವಿ ಹಾರಿಸಿದರೂ ಗದ್ದೆಯಿಂದ ನಮ್ಮ ಮನೆಗೆ ಬರುತ್ತದೆ (3)’.

ಮಡಿಕೇರಿಯಿಂದ:

ಓದಿ ಮೈ ಜುಮ್ಮೆಂದಿತು ಟೀಚರ್. ಎಲ್ಲರೂ ಹಾವೇ ಮನೆಗೆ ಬರುತ್ತದೆಂದು ಕಾಲು ಮೇಲೆತ್ತಿ ಕೂರುತ್ತಾರೆ. ಒಂದು ಪ್ರತ್ಯಯ ಮಾತ್ರ ಬದಲಾಗಬೇಕು. ‘ಹಾರಿಸಿದರೂ’ ಎಂದರೆ ಓಡಿಸಲು ಹಾರಿಸಿದ ಹಾಗಾಯಿತು. ಹುತ್ತರಿಯಲ್ಲಿ ನಾವು ಕೋವಿ ಹಾರಿಸುವುದು ಕದಿರನ್ನು ಬರಮಾಡಿಕೊಳ್ಳಲು. ಹಾರಿಸಿದ ಮೇಲೆ ಕದಿರು ಕುಯ್ಯುತ್ತೇವೆ. ‘ಹಾರಿಸಿದ ಮೇಲೆಯೇ’ ಎಂದು ಮಾಡಿ. ಹಾವೂ ಉಳಿಯುತ್ತದೆ, ಹಬ್ಬವೂ ಸುಳ್ಳಾಗುವುದಿಲ್ಲ.

ಪೊನ್ನಂಪೇಟೆಯಿಂದ:

‘ಹಾರಿಸಿದ ಮೇಲೆಯೇ’ ಎಂದು ತಿದ್ದಿದ್ದೇನೆ. ಎಡದಿಂದ ಬಲಕ್ಕೆ, 7ನೆಯದು. ಹುತ್ತರಿಯ ನಡುವಿನ ‘ತ್ತ’ ಚೌಕದಲ್ಲಿ ಮೇಲಿನಿಂದ ಕೆಳಕ್ಕೆ ಯಾವ ಪದ ದಾಟಿಸುವುದೆಂದು ಹುಡುಕಿ ಸೋತು, ಅಲ್ಲಿ ಪದವೇ ಹಾಯದಂತೆ ಮೇಲೂ ಕೆಳಗೂ ಕಪ್ಪು ಚೌಕ ಹಾಕಲು ಹೊರಟಿದ್ದೆ. ಈಗ ತಾನೇ ನೋಡಿದೆ, ಮಡಿಕೇರಿಯವರೇ, ನಿಮ್ಮ ಕಿತ್ತಳೆಯ ನಡುವಿನ ಅಕ್ಷರವೂ ಅದೇ. ನೀವು ಒಪ್ಪಿದರೆ ಅದನ್ನು ನಿಮ್ಮ ಸುಳಿವಿನ ಸಮೇತ ಅಲ್ಲಿ ಇಳಿಸುತ್ತೇನೆ.