ಹುಡುಗರಿಗೆ ಉಪಗ್ರಹ ಚಿತ್ರದಲ್ಲಿ ತಾಜ್ ಮಹಲ್, ಪಿರಮಿಡ್ ತೋರಿಸೋದು ಹೆಂಗ? ಅನುಭವ ಹೇಳ್ರಿ

ಕೇಳಿದವರು: ಹೈಸ್ಕೂಲ್ ಮಾಸ್ತರು, ಸುರಪುರ ತಾಲ್ಲೂಕು

ನಮಸ್ಕಾರ ರೀ ಎಲ್ಲರಿಗೂ. ಸುರಪುರ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸ್ತೀನಿ. ನಮ್ಮ ಹುಡುಗರ ಪೈಕಿ ಎಷ್ಟೋ ಮಂದಿಯ ತಂದೆ-ತಾಯಿ ಬೆಂಗಳೂರು, ಮುಂಬೈ ಕಡೆ ದುಡಿಯಲಿಕ್ಕೆ ಹೋಗ್ತಾರ. ಶಾಲಾ ಪ್ರವಾಸಕ್ಕೆ ರೊಕ್ಕ ಕೊಡೋದು ಎಲ್ಲರಿಗೂ ಆಗೋದಿಲ್ಲ. ಪಾಠದಾಗ ಬರೋ ಜಾಗಗಳನ್ನಾದರೂ ಉಪಗ್ರಹ ಚಿತ್ರದಲ್ಲಿ ತೋರಿಸೋಣ ಅಂತ ನನ್ನ ವಿಚಾರ. ಶಾಲೆಯಲ್ಲಿ ಒಂದು ಪ್ರೊಜೆಕ್ಟರ್ ಅದ, ಲ್ಯಾಪ್‌ಟಾಪ್ ನಂದು, ನೆಟ್ ಮಾತ್ರ ಫೋನಿನ ಹಾಟ್‌ಸ್ಪಾಟ್‌ನಿಂದ. ಆದರ ಪಿರಮಿಡ್ ಮೇಲಿಂದ ನೋಡಿದ್ರ ಬರೀ ಚೌಕ, ತಾಜ್ ಮಹಲ್ ಒಂದು ಬಿಳಿ ಚುಕ್ಕಿ. ‘ಇದೇ ಏನ್ರಿ ಸರ?’ ಅಂತ ಕೇಳ್ತಾರ. ಯಾವುದರಿಂದ ಶುರು ಮಾಡಬೇಕು, ಏನು ತೋರಿಸಿದ್ರ ಅವರಿಗೆ ಹತ್ತತದ? ಮಾಡಿ ನೋಡಿದವರು ಹೇಳ್ರಿ.

ಶಿಕ್ಷಕಿ, ಬೀದರ್

ಸರ್, ತಾಜ್ ಮಹಲ್‌ನಿಂದ ಶುರು ಮಾಡಬೇಡಿ. ಮಕ್ಕಳು ನಡೆದಾಡಿದ ಜಾಗದಿಂದ ಶುರು ಮಾಡಿ. ಮೇಲಿನಿಂದ ನೋಡಿ ಅರ್ಥ ಮಾಡಿಕೊಳ್ಳುವುದೂ ಕಲಿಯಬೇಕಾದ ವಿದ್ಯೆ. ತಮಗೆ ಗೊತ್ತಿರುವ ಗೋಡೆ, ಗುಮ್ಮಟ, ಬಾವಿ ಮೇಲಿನಿಂದ ಹೇಗೆ ಕಾಣುತ್ತವೆ ಎಂಬುದು ಕಣ್ಣಿಗೆ ರೂಢಿಯಾದರೆ, ನೋಡದೇ ಇರುವ ಜಾಗವನ್ನೂ ಅವರೇ ಬಿಡಿಸಿ ಹೇಳುತ್ತಾರೆ.

ನಮ್ಮಲ್ಲಿ ಬೀದರ್ ಕೋಟೆಯೇ ಮೊದಲ ಪಾಠ. ಕೆಂಪು ಜಂಬಿಟ್ಟಿಗೆಯ ಎತ್ತರದ ನೆಲ, ಅದರ ಅಂಚಿಗೆ ಒತ್ತಿಕೊಂಡು ಕೋಟೆ. ಒಂದು ಕಡೆ ನೆಲ ಕಡಿದಾಗಿ ಕೆಳಗಿಳಿಯುತ್ತದೆ, ಊರಿನ ಕಡೆ ಸಮತಟ್ಟು. ಬಂಡೆ ಕೊರೆದು ಮಾಡಿದ ಮೂರು ಸಾಲಿನ ಕಂದಕ ಆ ಸಮತಟ್ಟಾದ ಕಡೆಯೇ ಯಾಕಿದೆ ಎಂದು ಕೇಳಿ ಸುಮ್ಮನಿದ್ದುಬಿಡುತ್ತೇನೆ. ಉತ್ತರ ಮಕ್ಕಳಿಂದಲೇ ಬರುತ್ತದೆ. ಪುಸ್ತಕದಲ್ಲಿ ಓದಿ ಉರು ಹೊಡೆದದ್ದಕ್ಕಿಂತ ಅದು ಗಟ್ಟಿ.

ಆಮೇಲೆ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನ ಮದರಸಾ. 1472ರಲ್ಲಿ ಕಟ್ಟಿದ್ದು. ಮೇಲಿನಿಂದ ನೋಡಿದರೆ ನಡುವೆ ಚೌಕಾದ ಅಂಗಳ, ಸುತ್ತ ಕೋಣೆಗಳು. ಮುಂಭಾಗದಲ್ಲಿ ಒಂದು ಮೂಲೆ ಒಡೆದು ಹೋಗಿರುವುದು ಮೇಲಿನಿಂದಲೇ ಚೆನ್ನಾಗಿ ತಿಳಿಯುತ್ತದೆ. ಔರಂಗಜೇಬನ ಕಾಲದಲ್ಲಿ ಮದ್ದಿನ ಸ್ಫೋಟಕ್ಕೆ ಹೋದದ್ದು ಅದು. ಉಳಿದ ಒಂದೇ ಮಿನಾರಿನ ನೆರಳು ಉದ್ದಕ್ಕೆ ಬಿದ್ದಿರುತ್ತದೆ. ಇದನ್ನು ತೋರಿಸಿದ ಕೂಡಲೇ ಉಜ್ಬೇಕಿಸ್ತಾನದ ಸಮರ್‌ಕಂದ್‌ನ ರೆಗಿಸ್ತಾನ ಎಂಬ ಮೈದಾನಕ್ಕೆ ಹೋಗಿ. ಅಲ್ಲಿನ ದೊರೆ ಉಲುಗ್ ಬೇಗ್ ಕಟ್ಟಿಸಿದ ಮದರಸಾ ಗವಾನನದಕ್ಕಿಂತ ಸುಮಾರು ಅರ್ಧ ಶತಮಾನ ಹಳೆಯದು. ಅದೇ ಚೌಕ, ಅದೇ ಅಂಗಳ, ಮೂಲೆಗೆ ಮಿನಾರು. ಇಲ್ಲಿಂದ ಅಲ್ಲಿಗೆ ಎಷ್ಟು ದೂರ ಎಂದು ಮಕ್ಕಳು ತಾವೇ ಗೆರೆ ಎಳೆದು ಅಳೆಯುತ್ತಾರೆ. ಗವಾನ್ ಇರಾನಿನಿಂದ ಬಂದವನು ಎಂಬ ಮಾತು ಆಗ ಅವರಿಗೆ ನಿಜವಾಗುತ್ತದೆ.

ತಾಜ್ ಮಹಲ್ ತೋರಿಸಲೇಬೇಕೆಂದರೆ ಅದಕ್ಕೆ ಮೊದಲು ನಮ್ಮ ಬೀದರಿನ ಸುಲ್ತಾನ ಅಲಿ ಬರೀದನ ಸಮಾಧಿ ತೋರಿಸಿ. ಅದು ತೋಟದ ನಡುವೆ ನಿಂತದ್ದು. ತಾಜ್ ಹಾಗಲ್ಲ, ತೋಟದ ಉತ್ತರದ ತುದಿಗೆ, ಯಮುನೆಯ ದಂಡೆಗೆ ಹತ್ತಿಕೊಂಡಿದೆ. ನದಿ ದಾಟಿ ನೇರ ಎದುರಿಗೆ ಮೆಹ್ತಾಬ್ ಬಾಗ್ ಎಂಬ ಇನ್ನೊಂದು ತೋಟ. ಎರಡೂ ಒಂದೇ ಗೆರೆಯಲ್ಲಿ ಇರುವುದು ಆಗ್ರಾದಲ್ಲಿ ನೆಲದ ಮೇಲೆ ನಿಂತವರಿಗೆ ಅಷ್ಟು ಸುಲಭಕ್ಕೆ ಹೊಳೆಯುವುದಿಲ್ಲ. ಬಿಳಿ ಚುಕ್ಕಿ ಎಂದವರು ಅದನ್ನು ನೋಡಿ ಮತ್ತೆ ಮಾತಾಡಲಿ.

ಪಾಲಕರೊಬ್ಬರು, ಕಲಬುರಗಿ

ಮೇಡಂ ಹೇಳಿದ್ದಕ್ಕೆ ನನ್ನದೊಂದು ತಕರಾರು ಇದೆ. ಊರಿನದೇ ಮೊದಲು ಎಂದು ಕಟ್ಟುನಿಟ್ಟು ಮಾಡಬೇಡಿ. ನನ್ನ ಮಗಳಿಗೆ ಮೊದಲು ಬೇಕಾಗಿದ್ದು ದುಬೈನ ಪಾಮ್ ಜುಮೇರಾ, ಸಮುದ್ರದಲ್ಲಿ ಮರಳು ತುಂಬಿ ಈಚಲು ಮರದ ಆಕಾರಕ್ಕೆ ಮಾಡಿದ ದ್ವೀಪ. ಮೇಲಿನಿಂದ ನೋಡಲೆಂದೇ ಮಾಡಿದಂತಿದೆ. ಅದನ್ನು ನೋಡಿದ ಆಸೆಯಿಂದಲೇ ಆಮೇಲೆ ನಮ್ಮ ಮನೆ, ಊರಿನ ಅಪ್ಪನ ಕೆರೆ, ಕೋಟೆ ಎಲ್ಲ ಹುಡುಕಿದಳು. ಮೊದಲ ದಿನ ಹುಡುಗರೇ ಜಾಗ ಹೇಳಲಿ, ನೀವು ತೆರೆದು ತೋರಿಸಿ.

ಸರ್ವೆ ಕೆಲಸದವರು, ಕಲಬುರಗಿ

ನಾನು ದಿನಾಲೂ ಇಂಥ ಚಿತ್ರಗಳ ಜೊತೆಗೇ ಕೆಲಸ ಮಾಡುವವನು. ಮಾಸ್ತರು ಕೇಳಿದ ಚೌಕದ ಪ್ರಶ್ನೆಗೆ ಉತ್ತರ ನೆರಳಿನಲ್ಲಿದೆ.

ಭೂಮಿ ನೋಡುವ ಉಪಗ್ರಹಗಳು ಬಹುಪಾಲು ಬೆಳಿಗ್ಗೆ ಹತ್ತು-ಹನ್ನೊಂದರ ನಡುವೆ ನಮ್ಮ ಮೇಲೆ ಹಾದುಹೋಗುತ್ತವೆ. ಹಾಗಾಗಿ ನೆರಳು ಪಶ್ಚಿಮಕ್ಕೆ, ಚಳಿಗಾಲದಲ್ಲಿ ವಾಯವ್ಯಕ್ಕೆ ಬಿದ್ದಿರುತ್ತದೆ. ಎತ್ತರ ಗೊತ್ತಾಗುವುದೇ ಆ ನೆರಳಿನಿಂದ. ಕಂಪ್ಯೂಟರಿಗೆ ಹಾಕಿಕೊಳ್ಳುವ ಗೂಗಲ್ ಅರ್ಥ್ ಪ್ರೊ 2015ರಿಂದ ಉಚಿತ. ಅದರಲ್ಲಿ ಗಡಿಯಾರದ ಗುರುತು ಒತ್ತಿದರೆ ಹಳೆಯ ದಿನಾಂಕಗಳ ಚಿತ್ರ ಬರುತ್ತವೆ. ಡಿಸೆಂಬರ್, ಜನವರಿಯದು ಆರಿಸಿಕೊಳ್ಳಿ: ಮೋಡ ಇರುವುದಿಲ್ಲ, ನೆರಳು ಉದ್ದ. ಗಿಜಾದಲ್ಲಿ ಅಂಥ ಚಿತ್ರ ತೆರೆದರೆ ಚೌಕದ ಪಕ್ಕಕ್ಕೆ ದೊಡ್ಡ ತ್ರಿಕೋನದ ನೆರಳು ಕಾಣುತ್ತದೆ, ಪಿರಮಿಡ್ ಎದ್ದು ನಿಲ್ಲುತ್ತದೆ. ಮೇ, ಜೂನ್ ಚಿತ್ರ ಆರಿಸಿದರೆ ಅದೇ ಪಿರಮಿಡ್ ಸಪ್ಪೆ.

ಇನ್ನೊಂದು ಮಾತು ಮೊದಲೇ ತಿಳಿದಿರಲಿ. ಶಹಾಬಾದ್, ಸೇಡಂ ಕಡೆಯ ಕಲ್ಲಿನ ಗಣಿಗಳನ್ನು ತೆರೆದು ನೋಡಿ. ಎಷ್ಟೋ ಸಲ ತಗ್ಗು ಗುಡ್ಡವಾಗಿ, ಗುಡ್ಡ ತಗ್ಗಾಗಿ ಕಾಣುತ್ತದೆ. ಬೆಳಕು ಮೇಲಿನಿಂದ ಬರುತ್ತದೆ ಎಂದು ನಮ್ಮ ಕಣ್ಣು ಎಣಿಸಿಕೊಂಡಿರುತ್ತದೆ. ಆದರೆ ಈ ಚಿತ್ರಗಳಲ್ಲಿ ಬಿಸಿಲು ದಕ್ಷಿಣದಿಂದ, ಅಂದರೆ ಪರದೆಯ ಕೆಳಗಿನಿಂದ ಬಂದಿರುತ್ತದೆ. ದಕ್ಷಿಣ ಮೇಲೆ ಬರುವಂತೆ ಚಿತ್ರ ತಿರುಗಿಸಿ, ಗಣಿ ಗಣಿಯಾಗಿಯೇ ಕಾಣುತ್ತದೆ. ಮಕ್ಕಳಿಗೆ ಇದನ್ನು ಮಾಡಿ ತೋರಿಸಿದರೆ ಆ ಒಂದು ಪಾಠ ಅವರು ಮರೆಯುವುದಿಲ್ಲ.

ಐಫೆಲ್ ಗೋಪುರ ಕೆಲವು ಚಿತ್ರಗಳಲ್ಲಿ ಒಂದು ಕಡೆಗೆ ಮಲಗಿಕೊಂಡಂತೆ ಇರುತ್ತದೆ. ಗೋಪುರದ ಎತ್ತರ 330 ಮೀಟರ್. ಉಪಗ್ರಹ ನೆತ್ತಿಯ ಮೇಲಿಂದ ನೋಡದೆ ಓರೆಯಾಗಿ ನೋಡಿದ್ದರಿಂದ ಹಾಗೆ. ದಿನಾಂಕ ಬದಲಿಸಿದರೆ ಬೇರೆ ಕಡೆಗೆ ವಾಲುತ್ತದೆ.

ಅಳತೆ ಮಾಡಿಸಿ. ಅಳೆಯುವ ಪಟ್ಟಿ ಅದರಲ್ಲೇ ಇದೆ. ನಮ್ಮ ಕಲಬುರಗಿ ಕೋಟೆಯ ಜಾಮಿ ಮಸೀದಿ 1367ರದು, 216 ಅಡಿ ಉದ್ದ, 176 ಅಡಿ ಅಗಲ. ಮೀಟರಿನಲ್ಲಿ ಸುಮಾರು 66, 54. ದೊಡ್ಡ ಪಿರಮಿಡ್ಡಿನ ಒಂದು ಬದಿ 230 ಮೀಟರ್. ಮಸೀದಿಯನ್ನು ಕಣ್ಣಾರೆ ನೋಡಿದ ಹುಡುಗನಿಗೆ, ಅಂಥ ಮೂರೂವರೆ ಮಸೀದಿ ಸಾಲಾಗಿ ಇಟ್ಟರೆ ಪಿರಮಿಡ್ಡಿನ ಒಂದು ಬದಿ ಎಂದು ಹೇಳಿದರೆ ಸಾಕು. ಆ ಮಸೀದಿಗೆ ಅಂಗಳವಿಲ್ಲ, ಇಡೀ ಮೇಲ್ಛಾವಣಿ ಗುಮ್ಮಟಗಳಿಂದ ತುಂಬಿದೆ: ದೊಡ್ಡದು ಒಂದು, ಮೂಲೆಗೊಂದರಂತೆ ನಾಲ್ಕು, ಉಳಿದಂತೆ ಸಾಲು ಸಾಲು ಚಿಕ್ಕವು. ಅದರ ಪಕ್ಕಕ್ಕೆ ಸ್ಪೇನಿನ ಕೊರ್ಡೊಬಾ ಮಸೀದಿ ತೆರೆಯಿರಿ. ಉದ್ದುದ್ದ ಮಾಡುಗಳ ನಡುವೆ ಒಂದು ಚರ್ಚು ಎದ್ದು ನಿಂತಿದೆ, ಉತ್ತರಕ್ಕೆ ಕಿತ್ತಳೆ ಗಿಡಗಳ ಅಂಗಳ. ಆ ಕಟ್ಟಡದ ಇತಿಹಾಸವೆಲ್ಲ ಮಾಡಿನ ಮೇಲೇ ಬರೆದಿದೆ.

ನೀವು ನೋಡುತ್ತಿರುವುದು ಈಗಿನ ಕ್ಷಣದ ಚಿತ್ರವಲ್ಲ, ಬೇರೆ ಬೇರೆ ದಿನದ ತುಂಡುಗಳನ್ನು ಜೋಡಿಸಿದ್ದು ಎಂದೂ ಹುಡುಗರಿಗೆ ಹೇಳಿ. ಇಸ್ರೋದ ಭುವನ್ ಎಂಬ ನಕ್ಷೆಯ ಜಾಲತಾಣ ಕೂಡ 2009ರಿಂದ ಇದೆ. ನಮ್ಮ ದೇಶದ ಉಪಗ್ರಹ ತೆಗೆದ ಚಿತ್ರ ಎಂದು ತೋರಿಸುವುದಕ್ಕೆ ಅದನ್ನೂ ಒಮ್ಮೆ ತೆರೆಯಿರಿ.

ಡಿಗ್ರಿ ವಿದ್ಯಾರ್ಥಿ, ಶಹಾಪುರ

ಸರ, ನಮ್ಮ ಊರಿನ ಮಲಗಿದ ಬುದ್ಧ ಮರೀಬ್ಯಾಡ್ರಿ. ರಸ್ತಾದಾಗ ನಿಂತು ನೋಡಿದ್ರ ಗುಡ್ಡದ ಸಾಲಿನ್ಯಾಗ ಹಣಿ, ಮೂಗು, ಎದಿ ಎಲ್ಲಾ ಛಂದ ಕಾಣ್ತಾವ. ಅದೇ ಗುಡ್ಡ ಉಪಗ್ರಹ ಚಿತ್ರದಾಗ ನೋಡ್ರಿ, ಬರೀ ಬಂಡಿ, ಬುದ್ಧ ಎಲ್ಲಿ ಅಂತ ಗೊತ್ತೇ ಆಗೂದಿಲ್ಲ. ಅದು ಪಕ್ಕದಿಂದ ನೋಡಿದಾಗಷ್ಟೇ ಇರೋ ರೂಪ. ಗೂಗಲ್ ಅರ್ಥ್‌ನ್ಯಾಗ ಚಿತ್ರ ವಾಲಿಸಿ ರಸ್ತಾದ ಮಟ್ಟಕ್ಕ ಇಳಿದ್ರ ಸ್ವಲ್ಪ ಆಕಾರ ಸಿಗ್ತದ, ಆದ್ರ ಅದರಾಗಿನ ಗುಡ್ಡ ಮೊಂಡ, ಮೂಗಿನ ಚೂಪು ಬರೂದಿಲ್ಲ.

ಅದು ತೋರಿಸಿದ ಕೂಡ್ಲೇ ಪೆರು ದೇಶದ ನಾಜ್ಕಾ ಗೆರಿ ತೋರಿಸ್ರಿ. ಅಲ್ಲಿ ಇದರ ಉಲ್ಟಾ. ಮರುಭೂಮಿ ಮ್ಯಾಲಿನ ಕರಿಗಲ್ಲು ಸರಿಸಿ ಕೆಳಗಿನ ತಿಳಿ ಬಣ್ಣದ ಮಣ್ಣು ಕಾಣೋಹಂಗ ಮಾಡಿ ಹಕ್ಕಿ, ಮಂಗ್ಯಾ, ಜೇಡ ಬರ್ದಾರ. ಒಂದೊಂದು ಚಿತ್ರ ಹತ್ತಾರು ಮೀಟರ್ ಉದ್ದ. ನೆಲದ ಮ್ಯಾಲೆ ನಿಂತಾವ್ಗ ಬರೀ ಗೆರಿ, ಮ್ಯಾಲಿಂದ ನೋಡಿದ್ರ ಪೂರ್ತಿ ಹಕ್ಕಿ. ಎರಡೂ ಒಟ್ಟಿಗೆ ನೋಡಿದ್ರ, ಎಲ್ಲಿ ನಿಂತು ನೋಡ್ತೀವಿ ಅನ್ನೋದರ ಮ್ಯಾಲೆ ಕಾಣೋದು ಬದಲಾಗ್ತದ ಅಂತ ಹುಡುಗ್ರಿಗೆ ಯಾರೂ ಹೇಳೋದು ಬ್ಯಾಡ.

ಸನ್ನತಿಗೆ ಮಾತ್ರ ಕರ್ಕೊಂಡೇ ಹೋಗ್ರಿ ಸರ, ನಿಮಗ ದೂರ ಇಲ್ಲ. ಚಿತ್ರದಾಗ ಭೀಮಾ ನದಿ ತಿರುವು, ಹೊಲ ಕಾಣ್ತಾವ, ಅಷ್ಟೇ. ಅಲ್ಲೇ ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪದ ಕಲ್ಲಿನ ಮ್ಯಾಲೆ ಅಶೋಕ ರಾಜ ನಿಂತಿರೋದು, ಅವನ ಹೆಸರು ಬ್ರಾಹ್ಮಿ ಅಕ್ಷರದಾಗ ಕೊರೆದಿರೋದು ಯಾವ ಉಪಗ್ರಹಕ್ಕೂ ಸಿಗೂದಿಲ್ಲ.

ರೈತರು, ಯಾದಗಿರಿ ಜಿಲ್ಲೆ

ಮಾಸ್ತರ್ರ, ನಿಮ್ಮ ಹುಡುಗ್ರಿಗೆ ಕೋಟೆಗಿಂತ ಹೊಲ ಲಗೂನ ತಿಳೀತದ. ನಾರಾಯಣಪುರ ಎಡದಂಡೆ ಕಾಲುವಿ ನಿಮ್ಮ ತಾಲ್ಲೂಕಿನಾಗೇ ಹೋಗ್ತದ. ನೀರು ಬಿಟ್ಟ ಕಾಲದ ಚಿತ್ರ ತೆಗೀರಿ. ಕಾಲುವಿ ಕೆಳಗ ಭತ್ತದ ಹಸರು, ಕಾಲುವಿ ಮ್ಯಾಲೆ ಒಣಾ ನೆಲ, ನಡುವ ಗೆರಿ ಕೊರೆದಂಗ ಅದ. ಆ ಗೆರಿ ಹುಡುಗ್ರಿಗೆ ಗೊತ್ತು, ಅವರ ಮನಿ ಅದರ ಯಾವ ಕಡಿ ಅದ ಅನ್ನೋದೂ ಗೊತ್ತು.

ಅದು ನೋಡಿದ ಮ್ಯಾಲೆ ಈಜಿಪ್ಟಿಗೆ ಹೋಗ್ರಿ. ಸ್ವಲ್ಪ ದೂರ ಸರಿದು ನೋಡ್ರಿ. ನೈಲ್ ನದಿ ಎರಡೂ ದಂಡಿಗೆ ಹಸರು ಪಟ್ಟಿ, ಅದರಾಚೆ ಮರಳು. ಆ ಹಸರು ಮುಗಿದು ಮರಳು ಶುರು ಆಗೋ ಅಂಚಿಗೇ ಪಿರಮಿಡ್ ಅವ. ಬಿತ್ತೋ ನೆಲ ಒಂದಿಷ್ಟೂ ಹಾಳು ಮಾಡದ ಜಾಗ ಅದು. ಕೈರೋ ಶಹರ ಈಗ ಅಲ್ಲೀತನಕ ಬೆಳೆದು ಬಂದದ. ಈಗ ಹೇಳ್ರಿ, ಅದು ಬರೀ ಚೌಕ ಏನು?

ಹತ್ತಿ ಬೆಳೆಯೋ ಮಂದಿ ನಾವು, ಅದಕ್ಕ ಮಧ್ಯ ಏಷ್ಯಾದ ಅರಲ್ ಸಮುದ್ರನೂ ತೋರಿಸ್ರಿ. ಅಮು ದರ್ಯಾ, ಸಿರ್ ದರ್ಯಾ ಅನ್ನೋ ಎರಡು ನದಿ ನೀರು 1960ರ ದಶಕದಿಂದ ಹತ್ತಿ ಹೊಲಕ್ಕ ತಿರುಗಿಸಿದ್ರು, ಸಮುದ್ರ ಒಣಗಿ ಹೋತು. ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್‌ನ್ಯಾಗ 1984ರಿಂದ ಈಚೆಗೆ ವರ್ಷಾ ವರ್ಷಾ ನೀರು ಹಿಂದ ಸರಿಯೋದು ಕಣ್ಣಿಗೆ ಕಾಣ್ತದ. ಉತ್ತರದ ಒಂದು ತುಂಡಿಗೆ 2005ರಾಗ ಒಡ್ಡು ಹಾಕಿದ ಮ್ಯಾಲೆ ಅಲ್ಲಿ ಮತ್ತ ನೀರು ನಿಂತದ. ನಮ್ಮ ಕೃಷ್ಣಾ, ಭೀಮಾದ ನೀರಿನ ಮಾತು ಮನಿಯಾಗ ದಿನಾ ಕೇಳೋ ಹುಡುಗ್ರು ಇದನ್ನ ಸುಮ್ಮ ನೋಡೂದಿಲ್ಲ.

ಸರ್ವೆ ಕೆಲಸದವರು, ಕಲಬುರಗಿ

ಕಾಕಾ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬೆಳೆ ನೋಡುವುದಕ್ಕೆ ಯುರೋಪಿನ ಸೆಂಟಿನೆಲ್-2 ಚಿತ್ರಗಳು ಇನ್ನೂ ಒಳ್ಳೆಯವು. ಒಂದು ಚುಕ್ಕಿ ಅಂದರೆ 10 ಮೀಟರ್ ನೆಲ. ಗುಮ್ಮಟದ ವಿವರ ಸಿಗುವುದಿಲ್ಲ, ಆದರೆ ಕೆಲವೇ ದಿನಗಳಿಗೊಮ್ಮೆ ಹೊಸ ಚಿತ್ರ ಬರುತ್ತದೆ, ಪುಕ್ಕಟೆ. ಕೋಪರ್ನಿಕಸ್ ಬ್ರೌಸರ್ ಎಂದು ಹುಡುಕಿ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಕೆಂಪಾಗಿ ತೋರಿಸುವ ಬಣ್ಣ ಆರಿಸಿದರೆ ಹಸಿರು ಬೆಳೆ ಕಡು ಕೆಂಪಾಗುತ್ತದೆ. ನವೆಂಬರಿನಲ್ಲಿ ನಮ್ಮ ತೊಗರಿ ಹೊಲ ಕೆಂಪು, ಏಪ್ರಿಲ್‌ನಲ್ಲಿ ಅದೇ ಎರಿ ಭೂಮಿ ಕಪ್ಪು.

ನೆಟ್ ಬಗ್ಗೆ: ಮನೆಯಲ್ಲೇ ಹಿಂದಿನ ರಾತ್ರಿ ತೋರಿಸಬೇಕಾದ ಜಾಗಗಳನ್ನೆಲ್ಲ ಹತ್ತಿರದಿಂದ ಒಮ್ಮೆ ನೋಡಿಕೊಳ್ಳಿ. ಗೂಗಲ್ ಅರ್ಥ್ ಪ್ರೊ ನೋಡಿದ ಭಾಗವನ್ನು ಲ್ಯಾಪ್‌ಟಾಪ್‌ನಲ್ಲಿ ಒಂದು ಮಟ್ಟಿಗೆ ಉಳಿಸಿಕೊಳ್ಳುತ್ತದೆ. ಅದನ್ನೇ ನಂಬಿ ಕೂರದೆ, ಮುಖ್ಯವಾದವನ್ನು ಚಿತ್ರವಾಗಿ ಸೇವ್ ಮಾಡಿಡಿ. ಕರೆಂಟ್ ಹೋದರೂ ಲ್ಯಾಪ್‌ಟಾಪ್ ಸುತ್ತ ಕೂರಿಸಿ ತೋರಿಸಬಹುದು.

ಕೇಳಿದವರು, ಸುರಪುರ ತಾಲ್ಲೂಕು

ಎಲ್ಲರಿಗೂ ಭಾಳ ಉಪಕಾರ ಆತು ರೀ. ಮೊದಲು ಹುಡುಗರು ಕೇಳಿದ ಜಾಗ, ಆಮೇಲೆ ಕಾಲುವಿ, ಕಾಲುವಿಯಿಂದ ನೈಲ್, ನೈಲ್‌ನಿಂದ ಪಿರಮಿಡ್, ಹಿಂಗ ಮಾಡ್ತೀನಿ. ಬೀದರ್ ಮೇಡಂ, ನೌಬಾದ್ ಕಡೆ ನೆಲದೊಳಗಿನ ನೀರಿನ ಸುರಂಗ, ಕರೇಜ್, ಅದು ಮೇಲಿಂದ ಕಾಣತದ ಏನ್ರಿ?

ಶಿಕ್ಷಕಿ, ಬೀದರ್

ಸುರಂಗ ಕಾಣುವುದಿಲ್ಲ ಸರ್, ಅದು ನೆಲದೊಳಗೆ. ಮೇಲಕ್ಕೆ ಬಾಯಿ ತೆರೆದ ಬಾವಿಗಳು ಒಂದೇ ಸಾಲಿನಲ್ಲಿ ಇವೆ, ಆದರೆ ಮನೆ, ಗಿಡ, ಹೊಲಗಳ ನಡುವೆ ಅವನ್ನು ಹುಡುಕುವುದು ಕಷ್ಟ. ಅದಕ್ಕೆ ನಾನು ಮೊದಲು ಇರಾನಿನ ಯಾಜ್ದ್ ಸುತ್ತಲಿನ ಮರುಭೂಮಿ ತೆರೆಯುತ್ತೇನೆ. ಅಲ್ಲಿ ಅಗೆದ ಮಣ್ಣನ್ನು ಪ್ರತಿ ಬಾವಿಯ ಸುತ್ತ ಸುರಿದಿರುವುದರಿಂದ, ಇರುವೆಗಳು ಗೂಡು ತೋಡಿ ಮಣ್ಣು ಹಾಕಿದ ಹಾಗೆ ಉಂಗುರಗಳ ಸಾಲು ಬೆಟ್ಟದ ಬುಡದಿಂದ ಊರಿನವರೆಗೆ ಕಿಲೋಮೀಟರುಗಟ್ಟಲೆ ಕಾಣುತ್ತದೆ. ಅದನ್ನು ನೋಡಿ ಕಣ್ಣು ಪಳಗಿದ ಮೇಲೆ ನೌಬಾದ್‌ಗೆ ಬನ್ನಿ. ಬೇಸಿಗೆಯ ಚಿತ್ರ ಆರಿಸಿ, ಗಿಡಗಳ ಮರೆ ಕಡಿಮೆ ಇರುತ್ತದೆ. ಒಂದು ಬಾವಿ ಸಿಕ್ಕರೆ ಅಲ್ಲಿಂದ ಅಳತೆಯ ಗೆರೆ ಎಳೆದು ಅದರ ಜಾಡಿನಲ್ಲೇ ಮುಂದಿನದನ್ನು ಹುಡುಕಿಸಿ. ನಮ್ಮ ಒಂಬತ್ತನೇ ತರಗತಿಯವರು ಹಾಗೇ ಮಾಡುವುದು.