ಸಹಾಯ ಬೇಕು: ಅಪ್ಪನ ಹಳೇ ಆಂಪ್ಲಿಫೈಯರ್ ರಿಪೇರಿ ಮಾಡಿಸಲೋ, ಹೊಸದು ತರಲೋ?

ನಮಸ್ಕಾರರಿ ಎಲ್ಲರಿಗೂ. ನಾನು ಕಲಬುರಗಿಯವನು. ಅಪ್ಪ 1989ರಲ್ಲಿ ತಂದ ಸ್ಟೀರಿಯೋ ಆಂಪ್ಲಿಫೈಯರ್, ಕ್ಯಾಸೆಟ್ ಡೆಕ್, ಎರಡು ದೊಡ್ಡ ಸ್ಪೀಕರ್ ಮನೆಯಲ್ಲಿವೆ. ಉರುಸಿನಲ್ಲಿ ಕೊಂಡ ಕವ್ವಾಲಿ ಕ್ಯಾಸೆಟ್‌ಗಳೂ ಒಂದು ಡಬ್ಬಿ ತುಂಬ ಇವೆ.

ಈಗ ಆನ್ ಮಾಡಿದರೆ ಎರಡೂ ಕಡೆ ಗುಂಯ್ ಅನ್ನುತ್ತದೆ. ವಾಲ್ಯೂಮ್ ಪೂರ್ತಿ ಇಳಿಸಿದರೂ ಹೋಗಲ್ಲ. ಪವರ್ ಸಪ್ಲೈನಲ್ಲಿ ಕರೆಂಟಿನ ಏರಿಳಿತ ಸಮ ಮಾಡುವ ದೊಡ್ಡ ಕೆಪಾಸಿಟರ್‌ಗಳು ಒಣಗಿರಬೇಕು ಅಂತ ನನ್ನ ಅನುಮಾನ. ನಮ್ಮೂರ ಬಿಸಿಲಿಗೆ ಮನುಷ್ಯರೇ ಒಣಗುತ್ತೇವೆ, ಅದೇನು ಮಹಾ! ಜೊತೆಗೆ ಎಡಗಡೆ ಸದ್ದು ಆಗಾಗ ಮಾಯವಾಗುತ್ತದೆ. ಸ್ಪೀಕರ್ ವೈರ್ ಅದಲು ಬದಲು ಮಾಡಿದೆ, ತೊಂದರೆ ಬಲಗಡೆ ಸ್ಪೀಕರಿಗೆ ಹೋಯಿತು. ಅಂದರೆ ಸ್ಪೀಕರ್ ಸರಿ ಇವೆ, ಅಲ್ವಾ? ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿತ್ತು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದ ಮೇಲೆ ಅದೊಂದು ನಿಂತಿದೆ. ಡೆಕ್‌ನ ಬೆಲ್ಟ್ ಕರಗಿ ಡಾಂಬರಿನಂತಾಗಿದೆ.

ಸೂಪರ್ ಮಾರ್ಕೆಟ್ ಕಡೆ ಒಬ್ಬರಿಗೆ ತೋರಿಸಿದೆ. ಮುಚ್ಚಳ ಕೂಡ ಬಿಚ್ಚಲಿಲ್ಲ. "ಒಳಗಿಂದೆಲ್ಲ ತೆಗೆದು ಬ್ಲೂಟೂತ್ ಕಿಟ್ ಹಾಕಿ ಕೊಡ್ತೀನಿ" ಅಂದರು. ಸುಮ್ನೆ ಎತ್ತಿಕೊಂಡು ಬಂದೆ.

ಸ್ಪೀಕರ್ ನಡೆಸುವ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿದ್ದರೆ ಅಸಲಿ ಈಗ ಸಿಗುತ್ತಾ? ನಕಲಿಯೇ ಜಾಸ್ತಿ ಅಂತಾರೆ. ಎಡಗಡೆಯದು ಸ್ಪೀಕರ್ ರಿಲೇ (ಸ್ಪೀಕರಿಗೆ ಸಂಪರ್ಕ ಕೊಡುವ ಒಳಗಿನ ಸ್ವಿಚ್) ಸವೆದದ್ದೋ, ಬೆಸುಗೆ ಬಿಟ್ಟದ್ದೋ, ಹೇಗೆ ಗೊತ್ತು ಮಾಡಿಕೊಳ್ಳೋದು? ರಿಪೇರಿಗೆ 4,000 ರೂಪಾಯಿವರೆಗೆ ನಾನು ತಯಾರು. ಅದಕ್ಕಿಂತ ಮೇಲಾದರೆ ಸ್ಪೀಕರ್ ಇಟ್ಟುಕೊಂಡು ಆಂಪ್ಲಿಫೈಯರ್ ಮಾತ್ರ ಹೊಸದು ತರುತ್ತೇನೆ.

ಕಲಬುರಗಿ ಅಥವಾ ಬೀದರ್‌ನಲ್ಲಿ ಮೀಟರ್ ಹಿಡಿದು ನೋಡುವ ಹಳೇ ಮೆಕ್ಯಾನಿಕ್ ಯಾರಾದರೂ ಗೊತ್ತಿದ್ದರೆ ಹೇಳ್ರಿ. ಇಲ್ಲವಾದರೆ ಹೈದರಾಬಾದಿಗೇ ಒಯ್ಯಬೇಕು, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು.